ಸಿಸಿಲಿಯಾ ಬಾಯಿಗೆ ಉಳಿದ ಮಾತು

ಕೋವಿಡ್ ಗಲಾಟೆ ಮುಗಿದ ಮರುವರ್ಷ ನಾನು ಕಂಕನಾಡಿಯ ಒಂದು ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಮಾತು ಕಳೆದುಕೊಂಡವರಿಗೆ ಮಾತನ್ನು ಮರಳಿ ಕಲಿಸುವುದು ನನ್ನ ಕೆಲಸ. ಎಷ್ಟೋ ಜನ ನನ್ನನ್ನು ಡಾಕ್ಟ್ರೇ ಎಂದು ಕರೆಯುತ್ತಿದ್ದರು. ಅಲ್ಲ ಎಂದು ಹೇಳಿ ಹೇಳಿ ಸಾಕಾಗಿ ಕೊನೆಗೆ ಸುಮ್ಮನಾಗಿದ್ದೆ. ಈಗ ನಿವೃತ್ತಳಾಗಿದ್ದೇನೆ. ಮರೆಯಲಾಗದ ಕೇಸ್ ಯಾವುದು ಎಂದು ಯಾರಾದರೂ ಕೇಳಿದರೆ ಮೊದಲು ಕಣ್ಣಮುಂದೆ ಬರುವುದು ಕೂಳೂರಿನ ಸಿಸಿಲಿಯಾ ಬಾಯಿ.

ಅವರು ನಿವೃತ್ತ ಶಾಲಾ ಟೀಚರ್, ಕೊಂಕಣಿ ಮಾತಾಡುವ ಕ್ಯಾಥೊಲಿಕರು, ವಿಧವೆ. ಮೆದುಳಿನ ಎಡಭಾಗದಲ್ಲಿ ಸ್ಟ್ರೋಕ್ ಆಗಿ ಬಲಗೈ ಪೂರ್ತಿ ಬಿದ್ದುಹೋಗಿತ್ತು, ಬಲಗಾಲು ಅರ್ಧ. ಜೊತೆಗೆ ಮಾತೂ ಹೋಗಿತ್ತು. ಇದಕ್ಕೆ ನಾವು ಅಫೇಸಿಯಾ ಎನ್ನುತ್ತೇವೆ. ಇದರಲ್ಲಿ ಭಾಷೆ ಹೋಗಿರುತ್ತದೆ, ಬುದ್ಧಿ ಹೋಗಿರುವುದಿಲ್ಲ. ಇದನ್ನು ಮನೆಯವರಿಗೆ ಅರ್ಥ ಮಾಡಿಸುವಷ್ಟರಲ್ಲಿ ನನ್ನ ಅರ್ಧ ಜೀವ ಹೋಗುತ್ತಿತ್ತು. ಬಂದವರೆಲ್ಲ ರೋಗಿಯ ಎದುರಿಗೇ ನಿಂತು, ಅವರು ಮಗುವೋ ಎಂಬಂತೆ ಮಾತಾಡುತ್ತಾರೆ.

ಸಿಸಿಲಿಯಾ ಬಾಯಿಯ ಬಾಯಲ್ಲಿ ಉಳಿದದ್ದು ಒಂದೇ ಪದ, ‘ಮಹಿಮಾ’. ಅವರ ಮನೆಗಳಲ್ಲಿ ಸಂಜೆ ಎಲ್ಲರೂ ಸೇರಿ ಜಪಮಾಲೆ ಹಿಡಿದು ಮಾಡುವ ಪ್ರಾರ್ಥನೆಗೆ ತೇರ್ಸ್ ಎನ್ನುತ್ತಾರೆ. ಅದರಲ್ಲಿ ಹತ್ತು ಮಣಿಗಳಿಗೊಮ್ಮೆ, ದೇವರಿಗೆ ಮಹಿಮೆ ಸಲ್ಲಲಿ ಎಂಬ ಮಾತು ಬರುತ್ತದೆ. ಬಾಚಣಿಗೆ ತೋರಿಸಿ ಇದೇನು ಎಂದು ಕೇಳಿದರೆ ‘ಮಹಿಮಾ’. ನೋವು ಎಲ್ಲಿ ಎಂದರೆ ‘ಮಹಿಮಾ’. ಗಂಜಿಗೆ ಉಪ್ಪು ಕಡಿಮೆಯಾದರೆ ಸಿಟ್ಟಿನಿಂದ ಇನ್ನೂ ಜೋರಾಗಿ ‘ಮಹಿಮಾ!’ ಹೀಗೆ ಒಂದೇ ಮಾತು ಉಳಿಯುವುದು ಅಪರೂಪವೇನಲ್ಲ. ನನ್ನ ಇನ್ನೊಬ್ಬ ರೋಗಿ ಬಹಳ ಮರ್ಯಾದಸ್ಥ ಅಧಿಕಾರಿಯಾಗಿದ್ದವರು. ಅವರಿಗೆ ಉಳಿದದ್ದು ಒಂದು ತುಳು ಬೈಗುಳ. ನೆಂಟರು ಬಂದಾಗೆಲ್ಲ ಅವರ ಹೆಂಡತಿ ಟಿವಿ ಜೋರು ಮಾಡುತ್ತಿದ್ದರು.

ಸಿಸಿಲಿಯಾ ಬಾಯಿಯನ್ನು ಆಸ್ಪತ್ರೆಯಿಂದ ಬಿಟ್ಟ ಮೇಲೆ ಡ್ಯೂಟಿ ಮುಗಿಸಿ ನಾನು ಅವರ ಮನೆಗೇ ಹೋಗತೊಡಗಿದೆ. ಕೂಳೂರು ಸೇತುವೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ತಲುಪುವಾಗ ತೇರ್ಸ್ ಶುರುವಾಗಿರುತ್ತಿತ್ತು. ಮಗಳ ಹೆಸರು ಹೇಳಲಾಗದ ಸಿಸಿಲಿಯಾ ಬಾಯಿ ಇಡೀ ಪ್ರಾರ್ಥನೆಯನ್ನು ಉಳಿದವರ ಜೊತೆ ತಪ್ಪಿಲ್ಲದೆ ಹೇಳುತ್ತಿದ್ದರು! ಮದುವೆ ಮನೆಗಳಿಗೆ ಕೇಟರಿಂಗ್ ಮಾಡುವ ಮಗ ಮೆಲ್ವಿನ್‌ಗೆ ಇದು ಪವಾಡ. ನನಗೆ ಆಟೊಮ್ಯಾಟಿಕ್ ಸ್ಪೀಚ್. ಎಷ್ಟೋ ವರ್ಷ ಪ್ರತಿದಿನ ಹೇಳಿದ ಮಾತುಗಳು ಮೆದುಳಿನ ಬೇರೆ ದಾರಿಯಿಂದ, ತಾವಾಗಿ ಹೊರಡುತ್ತವೆ. ಅದನ್ನು ಪರೀಕ್ಷಿಸುವುದು ಸುಲಭ. ಒಂದರಿಂದ ಹತ್ತು ಎಣಿಸಲು ಹೇಳಿ, ಎಣಿಸುತ್ತಾರೆ. ಐದಾದ ಮೇಲೆ ಎಷ್ಟು ಎಂದು ಕೇಳಿ, ಕಣ್ಣು ಕಣ್ಣು ಬಿಡುತ್ತಾರೆ. ತಾನಾಗಿ ಬಂದದ್ದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ರೋಗಿ ಬೇಕೆಂದು ಆರಿಸಿಕೊಂಡು ಹೇಳಿದ್ದು ಮಾತ್ರ ಮಾತು.

ಅಷ್ಟರಲ್ಲಿ ಕುವೈತಿನಿಂದ ಮಗಳು ಐಡಾ ಬಂದಳು. ಅವಳು ಅಲ್ಲಿ ನರ್ಸ್. ಅದಕ್ಕೂ ಮೊದಲು ಹನ್ನೊಂದು ವರ್ಷ ಕಾನ್ವೆಂಟಿನಲ್ಲಿ ಸಿಸ್ಟರ್, ಎಂದರೆ ಸನ್ಯಾಸಿನಿ, ಆಗಿದ್ದವಳು. ಅದು ತನ್ನ ದಾರಿಯಲ್ಲ ಎನಿಸಿದಾಗ ಕ್ರಮಪ್ರಕಾರ ಅನುಮತಿ ಪಡೆದೇ ಹೊರಬಂದಿದ್ದಳು. ಆದರೆ ತಾಯಿಗೆ ಅನುಮತಿ ಗಿನುಮತಿ ಗೊತ್ತಿಲ್ಲ. ದೇವರಿಗೆ ಕೊಟ್ಟ ಮಗಳು ವಾಪಸ್ ಬಂದಳು, ಅಷ್ಟೆ. ತೇರ್ಸ್ ಮುಗಿದ ಮೇಲೆ ಚಿಕ್ಕವರು ಹಿರಿಯರ ಮುಂದೆ ಮೊಣಕಾಲೂರಿ ಬೆಸಾಂವ್, ಎಂದರೆ ಆಶೀರ್ವಾದ, ಕೇಳುವುದು ಅವರ ಪದ್ಧತಿ. ಹಿರಿಯರು ಹಣೆಯ ಮೇಲೆ ಶಿಲುಬೆಯ ಗುರುತು ಮಾಡಿ ‘ದೇವ್ ಬರೆಂ ಕರುಂ’, ದೇವರು ಒಳ್ಳೆಯದು ಮಾಡಲಿ, ಎನ್ನುತ್ತಾರೆ. ಐಡಾ ರಜೆಗೆ ಬಂದು ಕೇಳಿದಾಗಲೆಲ್ಲ ಸಿಸಿಲಿಯಾ ಬಾಯಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮುಖ ತಿರುಗಿಸಿದ್ದರಂತೆ.

ಈ ಸಲ ಅವಳು ಬಂದ ಮರುದಿನ ನಾನೂ ಅಲ್ಲಿದ್ದೆ. ತೇರ್ಸ್ ಮುಗಿಯಿತು. ಐಡಾ ಗಾಲಿಕುರ್ಚಿಯ ಮುಂದೆ ಮೊಣಕಾಲೂರಿ, “ಬೆಸಾಂವ್ ದೀ ಮಮ್ಮಿ” ಎಂದಳು. ಪ್ರಾರ್ಥನೆಯ ಓಟದಲ್ಲೇ ಸಿಸಿಲಿಯಾ ಬಾಯಿ “ದೇವ್ ಬರೆಂ ಕರುಂ” ಎಂದುಬಿಟ್ಟರು. ಮೆಲ್ವಿನ್ ಗಳಗಳನೆ ಅತ್ತ. ಐಡಾ ಮಾತ್ರ ಅಳಲಿಲ್ಲ. ನರ್ಸ್ ಅಲ್ಲವೇ, ಸಂಶಯ ಬಂದಿತ್ತು. ನಾನು ಹೊರಡುವಾಗ ಕಾರಿನವರೆಗೆ ಬಂದಳು.

“ಮೇಡಂ, ಅದು ಮಮ್ಮಿ ಕೊಟ್ಟದ್ದಾ, ಅಥವಾ ಸುಮ್ಮನೆ ಬಾಯಿಗೆ ಬಂದದ್ದಾ?”

ಹೌದು, ಅವರೇ ಕೊಟ್ಟದ್ದು ಎಂದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಅವಳ ಮುಖ ನೋಡಿ ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ. “ಗೊತ್ತಿಲ್ಲ ಐಡಾ,” ಎಂದೆ. “ಮನಸ್ಸಿನಿಂದಲೇ ಬಂದಿರಬಹುದು. ಆದರೆ ಯಾರು ಕೇಳಿದ್ದರೂ ಆ ಹೊತ್ತಿಗೆ ಅವರ ಬಾಯಿಂದ ಅದೇ ಬರುತ್ತಿತ್ತು.”

ಅವಳು ಗೇಟಿನ ಸರಳು ಹಿಡಿದುಕೊಂಡಳು. “ನಾನು ಕಾನ್ವೆಂಟಿನಿಂದ ಹೊರಗೆ ಬಂದ ಮೇಲೆ ತೇರ್ಸಿನಲ್ಲಿ ಎಲ್ಲ ಹೇಳ್ತೇನೆ, ಆ ಮಹಿಮೆಯ ಮಾತು ಮಾತ್ರ ಬಾಯಿಗೆ ಬರುವುದಿಲ್ಲ. ನನ್ನಿಂದ ದೇವರಿಗೆ ಎಂತ ಮಹಿಮೆ ಉಂಟು ಮೇಡಂ?” ಎಂದಳು.

ಮರುದಿನ ಬೆಳಿಗ್ಗೆ ಮೆಲ್ವಿನ್ ಫೋನ್ ಮಾಡಿ ನನ್ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡ. “ನಿಮಗೆ ಎಂತ ನಷ್ಟ ಇತ್ತು ಮಾರಾಯ್ರೆ? ಹೌದು ಅಂತ ಹೇಳಿದ್ರೆ ಮುಗೀತಿತ್ತು. ಅವಳು ಊಟ ಬಿಟ್ಟಿದ್ದಾಳೆ.” ಅವನ ಸಿಟ್ಟು ನ್ಯಾಯವಾದದ್ದೇ. ಇಡೀ ದಿನ ನನಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ.

ಐಡಾ ಹೊರಡುವ ಹಿಂದಿನ ಸಂಜೆ ಮತ್ತೆ ಹೋದೆ. ಈ ನಡುವೆ ಅವಳು ತಾಯಿಯ ಮೈ ಒರೆಸಿದ್ದಳು, ಊಟ ಮಾಡಿಸಿದ್ದಳು, ನಾನು ಹೇಳಿಕೊಟ್ಟ ಅಭ್ಯಾಸಗಳನ್ನೆಲ್ಲ ಮಾಡಿಸಿದ್ದಳು. ಬೆಸಾಂವ್ ಮಾತ್ರ ಕೇಳಿರಲಿಲ್ಲ. ಯಾಕೆ ಎಂದದ್ದಕ್ಕೆ, “ಇಲ್ಲ ಅಂತ ಹೇಳಲಿಕ್ಕೆ ಆಗದವರ ಹತ್ತಿರ ಕೇಳುವುದು ಕದ್ದ ಹಾಗೆ, ಮೇಡಂ” ಎಂದಳು. ಆ ಸಂಜೆಯೂ ತೇರ್ಸ್ ಮುಗಿದದ್ದೇ ಎದ್ದು ಅಡುಗೆಮನೆಯ ಬಾಗಿಲ ಕಡೆಗೆ ನಡೆದಳು. ಮೆಲ್ವಿನ್ ತಾಯಿಯ ಮುಂದೆ ಮೊಣಕಾಲೂರಿ ಬೆಸಾಂವ್ ಕೇಳಿದ. ಎಂದಿನಂತೆ ಬಾಯಿಮಾತಿನಲ್ಲಿ ಸಿಕ್ಕಿತು. ಪ್ರಾರ್ಥನೆ ಅಲ್ಲಿಗೆ ಮುಗಿಯಿತು. ಇನ್ನು ತಾನಾಗಿ ಬರುವ ಮಾತು ಯಾವುದೂ ಉಳಿದಿರಲಿಲ್ಲ.

ಸಿಸಿಲಿಯಾ ಬಾಯಿ ಎಡಗೈಯಿಂದ ಕುರ್ಚಿಯ ಹಿಡಿಯನ್ನು ಪಟಪಟ ಬಡಿದರು. ಐಡಾ ತಿರುಗಿ ನೋಡಿದಳು. ಬಾ ಎಂದು ಅದೇ ಕೈ ಕರೆಯಿತು. ಅವಳು ಬಂದು, ಏನು ಬೇಕಾಯಿತೋ ಎಂದು ಬಗ್ಗಿದಳು. ಸಿಸಿಲಿಯಾ ಬಾಯಿ ಏನೋ ಹೇಳಲು ಬಾಯಿ ತೆರೆದರು. ಎಂದಿನ ‘ಮಹಿಮಾ’ ಕೂಡ ಬರಲಿಲ್ಲ. ಆಮೇಲೆ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದು ಎತ್ತತೊಡಗಿದರು. ಅವರ ತಲೆಮಾರಿನವರು ಎಡಗೈಯಿಂದ ಆಶೀರ್ವಾದ ಮಾಡುವುದಿಲ್ಲ. ಕೈ ಅರ್ಧಕ್ಕೆ ಬಂದು ಜಾರಿ ಮಡಿಲಿಗೆ ಬಿತ್ತು. ಸಹಾಯಕ್ಕೆ ಹೋದ ಮೆಲ್ವಿನ್‌ನನ್ನು ಕಣ್ಣಲ್ಲೇ ಗದರಿ ದೂರ ತಳ್ಳಿದರು. ಮತ್ತೆ ಎತ್ತಿದರು. ಮುಖವೆಲ್ಲ ಬೆವರಿತ್ತು. ಸತ್ತಂತಿದ್ದ ಆ ಬೆರಳುಗಳನ್ನು ಮಗಳ ಹಣೆಗೆ ಮುಟ್ಟಿಸಿ ಮೇಲಿನಿಂದ ಕೆಳಗೆ, ಆಮೇಲೆ ಅಡ್ಡ, ಸೊಟ್ಟಸೊಟ್ಟಗೆ ಎಳೆದರು.

ಐಡಾ ಅಲ್ಲೇ ನೆಲದ ಮೇಲೆ ಕುಳಿತಳು. ತಾಯಿಯ ಮಡಿಲಲ್ಲಿ ಮುಖವಿಟ್ಟು ಅಳುತ್ತ ಅಳುತ್ತ, ವರ್ಷಗಳಿಂದ ಬಾಯಿಗೆ ಬಾರದಿದ್ದ ಆ ಮಹಿಮೆಯ ಪ್ರಾರ್ಥನೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಸಿಸಿಲಿಯಾ ಬಾಯಿ ಜೊತೆಗೂಡಲಿಲ್ಲ, ಸುಮ್ಮನೆ ಕೇಳಿಸಿಕೊಂಡರು. ನಾನು ಹುಟ್ಟಿದ್ದು ಭೂತ-ದೈವಗಳಿಗೆ ನಡೆದುಕೊಳ್ಳುವ ತುಳು ಮನೆಯಲ್ಲಿ, ಆ ಪ್ರಾರ್ಥನೆ ನನ್ನದಲ್ಲ. ಆದರೂ ನನಗರಿವಿಲ್ಲದೆ ಕೈ ಮುಗಿದಿದ್ದೆ.

ಮೆಲ್ವಿನ್ ನನ್ನ ಪಕ್ಕ ಬಂದು, ಹೆದರಿಕೊಂಡೇ ಪಿಸುಗುಟ್ಟಿದ: “ಇದೂ ಆಟೊಮ್ಯಾಟಿಕ್ಕಾ ಮೇಡಂ?”

“ಅಲ್ಲ” ಎಂದೆ. ಅಭ್ಯಾಸಬಲದ ಕೆಲಸಕ್ಕೆ ಕೈ ಬಿದ್ದುಹೋದದ್ದು ಗೊತ್ತಿರುವುದಿಲ್ಲ. ಇದು ಗೊತ್ತಿದ್ದು, ಆರಿಸಿಕೊಂಡು, ಎರಡನೆಯ ಸಲ ಪ್ರಯತ್ನಪಟ್ಟು ಮಾಡಿದ್ದು. ನನ್ನ ವೃತ್ತಿಯಲ್ಲಿ ಇಷ್ಟು ಖಚಿತವಾಗಿ ಉತ್ತರ ಕೊಟ್ಟ ಸಂದರ್ಭಗಳು ಕಡಿಮೆ.

ಗೇಟಿನ ಬಳಿ ಐಡಾ ಹೇಳಿದಳು: “ಕೃಪೆ ಅಂದ್ರೆ ನಮ್ಮ ಯೋಗ್ಯತೆ ನೋಡಿ ಕೊಡುವುದಲ್ಲ ಅಂತ ಕಾನ್ವೆಂಟಿನಲ್ಲಿ ಮಕ್ಕಳಿಗೆ ಎಷ್ಟು ವರ್ಷ ಕಲಿಸಿದ್ದೇನೆ ಮೇಡಂ. ನನಗೆ ಗೊತ್ತಾದದ್ದು ಇವತ್ತು.”

ಸಿಸಿಲಿಯಾ ಬಾಯಿಗೆ ಮುಂದೆ ಹತ್ತಿಪ್ಪತ್ತು ಪದಗಳು ಮರಳಿದವು. ಥೆರಪಿಯ ಲೆಕ್ಕದಲ್ಲಿ ಸಾಧಾರಣ ಫಲಿತಾಂಶ. ಆದರೆ ಈ ಕೇಸ್ ನನಗೊಂದು ವಿಷಯ ಕಲಿಸಿತು. ರೋಗಿಯ ಪರವಾಗಿ ನಾವು ಹೌದು ಎನ್ನಬಾರದು, ಅದು ಎಷ್ಟೇ ಕರುಣೆಯ ಹೌದಾದರೂ. ಅಂದು ಕಾರಿನ ಬಳಿ ನಾನು ಹೌದು ಎಂದಿದ್ದರೆ ಐಡಾ ದಿನಾ ಕೇಳುತ್ತಿದ್ದಳು, ತಾಯಿಯ ಬಾಯಿ ತಾನಾಗಿ ಕೊಡುತ್ತಿತ್ತು, ಅವಳು ಅದನ್ನೇ ನಂಬಿ ವಿಮಾನ ಹತ್ತುತ್ತಿದ್ದಳು. ಕೊಡಬೇಕೆಂದು ಒಳಗೇ ಒದ್ದಾಡುತ್ತಿದ್ದ ಆ ತಾಯಿಗೆ ಕೊಡಲು ಏನೂ ಉಳಿಯುತ್ತಿರಲಿಲ್ಲ.