ಜೀಗುಜ್ಜೆ ಮರ ಮತ್ತು ವಕೀಲರ ಟೆಲಿಫೋನು

ಕೊಡಿಯಾಲ್‌ಬೈಲಿನ ನಮ್ಮ ಓಣಿಯಲ್ಲಿ ಆಗ ಯಾರನ್ನು ಕರೆಯಬೇಕಾದರೂ ಬೇಲಿಯ ಬಳಿ ನಿಂತು ಕೂಗಿದರೆ ಸಾಕಿತ್ತು. ನಲ್ವತ್ತರ ದಶಕ. ನನಗೆ ಒಂಬತ್ತು ವರ್ಷ. ತಾಯಿ ತೀರಿಹೋಗಿದ್ದರು, ಮನೆಯಲ್ಲಿ ಅಜ್ಜಿ ಮತ್ತು ನಾನು, ಇಬ್ಬರೇ.

ಬಾವಿಯ ಪಕ್ಕ ಹಲಸಿನ ಜಾತಿಯ ಒಂದು ಜೀಗುಜ್ಜೆ ಮರವಿತ್ತು. ಅದರಿಂದ ಉದುರಿದ ಉದ್ದನೆಯ ಹೂಗಳನ್ನು ಬಾಯಲ್ಲಿಟ್ಟುಕೊಂಡು ನಾವು ಓಣಿಯ ಮಕ್ಕಳು ಚುಟ್ಟಾ ಸೇದುವ ಆಟ ಆಡುತ್ತಿದ್ದೆವು. ತರಕಾರಿ ಸಿಗದ ಮಳೆಗಾಲದಲ್ಲಿ ನಮಗೆ ಆ ಮರವೇ ಗತಿ. ಒಂದು ದಿನ ಪಲ್ಯ, ಒಂದು ದಿನ ಸಾಂಬಾರು, ತೆಂಗಿನೆಣ್ಣೆ ಇದ್ದ ದಿನ ಪೋಡಿ. ಪೋಡಿ ಕರಿಯುವ ವಾಸನೆಗೆ ಪಕ್ಕದ ಮನೆಯವರೂ ಬಂದು ಕೂರುತ್ತಿದ್ದರು.

ಓಣಿಯ ಕೊನೆಯ ದೊಡ್ಡ ಮನೆ ಒಬ್ಬ ವಕೀಲರದು. ಅವರು ಟೆಲಿಫೋನು ಹಾಕಿಸಲು ಹೊರಟರು. ತಂತಿ ನೇರ ಹೋಗಬೇಕಾದರೆ ಕೊನೆಯ ಕಂಬ ಅವರ ಅಂಗಳದಲ್ಲೇ ನಿಲ್ಲಬೇಕಿತ್ತು. ಜಗಲಿಯಲ್ಲಿ ಕೂತರೆ ಕಣ್ಣೆದುರೇ ಕಂಬ, ಚೆಂದ ಅಲ್ಲ ಎಂದರಂತೆ; ತಂತಿ ನಮ್ಮ ಅಂಗಳದ ಮೇಲಾಗಿ ಸುತ್ತಿ ಹೋಗುವುದೆಂದಾಯಿತು. ಊರಿಗೆಲ್ಲ ನ್ಯಾಯ ಹೇಳುವ ಮನುಷ್ಯನಿಗೆ, ತನ್ನ ಫೋನಿಗೆ ತನ್ನ ಅಂಗಳ ಕೊಡುವುದು ನ್ಯಾಯವೆಂದು ತೋಚಲಿಲ್ಲ.

ಒಂದು ಮಧ್ಯಾಹ್ನ ಕಂಬ ಹಾಕುವ ಮೇಸ್ತ್ರಿ ನಾಲ್ಕು ಆಳುಗಳೊಂದಿಗೆ ನಮ್ಮ ಅಂಗಳಕ್ಕೆ ಬಂದ. ಅಂಗಳಕ್ಕೆ ಬಂದವರಿಗೆ ಮೊದಲು ಬೆಲ್ಲ, ನೀರು; ವಿಚಾರ ಆಮೇಲೆ. ಅದು ನಮ್ಮಲ್ಲಿ ಕ್ರಮ. ತಟ್ಟೆ ಹಿಡಿದು ಹೋದವಳು ನಾನು. ಅವರು ಮರದ ನೆರಳಲ್ಲೇ ಕೂತು ಕುಡಿದರು. ಬಾಯಿ ಒರೆಸಿಕೊಳ್ಳುತ್ತಾ ಮೇಸ್ತ್ರಿ, ತಂತಿಗೆ ಸ್ವಲ್ಪ ಜಾಗ ಬೇಕೆಂದ.

ಅಜ್ಜಿ ನಕ್ಕಳು. "ಹೋಗ್ಲಿ ಮಾರಾಯ. ತಂತಿ ಎಂತ ಅನ್ನ ಕೇಳ್ತದಾ?"

ಮರುದಿನ ಬೆಳಿಗ್ಗೆ ಅವರು ಕೊಡಲಿ ತಂದರು. ಕೊಂಬೆಗಲ್ಲ, ಬುಡಕ್ಕೇ ಏಟು ಹಾಕಿದರು. ಅಜ್ಜಿ ಒಲೆಯ ಮುಂದಿನಿಂದ ಓಡಿಬರುವಷ್ಟರಲ್ಲಿ ಅರ್ಧ ಕಡಿದಾಗಿತ್ತು.

"ಮರ ಕಡೀಲಿಕ್ಕೆ ಯಾರು ಹೇಳಿದ್ದು?"

"ನಿನ್ನೆ ಬೆಲ್ಲ ನೀರು ಕೊಟ್ಟು ನೀವೇ ಒಪ್ಪಿದ್ದಲ್ವಾ ಅಮ್ಮ? ವಕೀಲರಿಗೂ ಹಾಗೇ ಹೇಳಿ ಆಗಿದೆ."

ಕಡಿದಲ್ಲಿಂದ ಬಿಳಿ ಹಾಲು ಇಳಿಯುತ್ತಿತ್ತು. ಅಜ್ಜಿ ಅಲ್ಲಿ ಅಂಗೈ ಒತ್ತಿ ಹಿಡಿದು ನಿಂತಳು. ಒಬ್ಬ ಆಳು ಅವಳ ಕೈಯನ್ನು ಮೆಲ್ಲಗೆ ಬಿಡಿಸಿ ಬದಿಗೆ ಕರೆದುಕೊಂಡು ಹೋದ. ಮರ ಬಿದ್ದ ಮೇಲೆ ಮೇಸ್ತ್ರಿ ಬಲಿತ ಕಾಯಿಗಳನ್ನು ಆರಿಸಿ ತನ್ನ ಹೆಗಲ ಬೈರಾಸಿನಲ್ಲಿ ಕಟ್ಟಿಕೊಂಡ. ಎಳೆಯವನ್ನು ನಮಗೆ ಬಿಟ್ಟ.

ಸಂಜೆ ವಕೀಲರು ಬಂದರು. ಮೆಟ್ಟಿಲು ಹತ್ತಲಿಲ್ಲ.

"ಫೋನಿನಲ್ಲಿ ಯಾರ ಹತ್ರ ಆದ್ರೂ ಮಾತಾಡ್ಲಿಕ್ಕಿದ್ರೆ ಬನ್ನಿ ಅಜ್ಜಿ, ಸಂಕೋಚ ಬೇಡ."

"ನನ್ನ ಪೈಕಿಯವರಲ್ಲಿ ಯಾರ ಮನೆಯಲ್ಲಿ ಉಂಟು ಅದು, ವಕೀಲರೇ?"

ಅಜ್ಜಿ ತಮಾಷೆ ಮಾಡಿದಳೆಂದುಕೊಂಡು ವಕೀಲರು ನಕ್ಕು ಹೋದರು. ಆಮೇಲೆ ತಮ್ಮ ಮನೆಗೆ ಬಂದವರಿಗೆಲ್ಲ, ಓಣಿಯವರು ಪ್ರೀತಿಯಿಂದ ಜಾಗ ಮಾಡಿಕೊಟ್ಟರೆಂದು ಹೇಳುತ್ತಿದ್ದರು.

ಆ ಮಳೆಗಾಲ ನಾವು ಗಂಜಿ, ಉಪ್ಪಿನಕಾಯಿಯಲ್ಲಿ ಕಳೆದೆವು. ಈಗ ಓಣಿಯ ಪ್ರತಿ ಮಾಡಿನ ಮೇಲೂ ತಂತಿ ಹಾದಿದೆ. ಊರು ಬೆಳೆಯಿತು ಎನ್ನುತ್ತಾರೆ. ಅಂಗಳಕ್ಕೆ ಬಂದವರಿಗೆ ನೀರು ಕೊಡುವ ಮೊದಲು, ಎಂತಕ್ಕೆ ಬಂದದ್ದೆಂದು ಕೇಳುವುದನ್ನು ಅಜ್ಜಿ ಆ ವರ್ಷ ಕಲಿತಳು. ನನಗೆ ಅದನ್ನು ಯಾರೂ ಕಲಿಸಬೇಕಾಗಿ ಬರಲಿಲ್ಲ.