ಮಾಯಕ್ಕನಿಗೆ ಆರಡಿ ಜಾಗ

ಬೆಳಗಾವಿಯ ಸಕಲ ಕ್ರೈಸ್ತ ಸಭೆಗಳ ಶಾಂತಿ-ನ್ಯಾಯ ಸಮಿತಿಗೆ ಹತ್ತೊಂಬತ್ತು ವರ್ಷ ಠರಾವು ಬರೆದವಳು ಪೀರನವಾಡಿಯ ಪ್ರಮಿಳಾಬಾಯಿ. ಆ ಹತ್ತೊಂಬತ್ತು ವರ್ಷಗಳಲ್ಲಿ ಸಮಿತಿ ಯಾರ ಮುಲಾಜಿಗೂ ಬೀಳದೆ ಎಷ್ಟೋ ಯುದ್ಧಗಳನ್ನು ಖಂಡಿಸಿತು. ಯುದ್ಧ ದೂರವಿದ್ದಷ್ಟೂ ಠರಾವು ಬೇಗ ಪಾಸಾಗುತ್ತಿತ್ತು. ಯಾವ ದೇಶದ ಸೇನಾಪತಿಯೂ ಇದುವರೆಗೆ ಉತ್ತರ ಬರೆದಿಲ್ಲ, ಅಂಚೆಯವರ ತಪ್ಪಿರಬೇಕು.

ಸಮಿತಿಯಲ್ಲಿ ಮೂರು ತರಹದವರಿದ್ದರು. ಜಪಮಾಲೆಯವರು, ಹಾಡಿನ ಪುಸ್ತಕದವರು, ಚಪ್ಪಾಳೆಯವರು ಎಂದು ಪ್ರಮಿಳಾಬಾಯಿ ಮನಸ್ಸಿನಲ್ಲೇ ಹೆಸರಿಟ್ಟುಕೊಂಡಿದ್ದಳು. ಪ್ರತಿ ಸಲವೂ ಮೂವರೂ ತಮ್ಮ ತಮ್ಮ ಪದ್ಧತಿಯಂತೆ ಆರಂಭದ ಪ್ರಾರ್ಥನೆ ಮಾಡಲೇಬೇಕು, ಇಲ್ಲದಿದ್ದರೆ ಐಕ್ಯಕ್ಕೆ ಧಕ್ಕೆ. ಚಹಾ ಆರಿ ತಣ್ಣಗಾಗುವ ತನಕ ದೇವರನ್ನು ಕರೆದು, ಆಮೇಲೆ ಸಮಯ ಸಾಲದೆಂದು ವಿಷಯಗಳನ್ನು ಮುಂದೂಡುತ್ತಿದ್ದರು. ತಾನೂ ಹಾಡಿನ ಪುಸ್ತಕದ ಮನೆತನದವಳೇ ಆದ ಪ್ರಮಿಳಾಬಾಯಿ ಸಿಟ್ಟನ್ನು ನುಂಗಿಕೊಂಡು ಎಲ್ಲವನ್ನೂ ದುಂಡಗೆ ಬರೆದಿಡುತ್ತಿದ್ದಳು.

ಕಳೆದ ಮೇ ತಿಂಗಳ ಸಭೆಯ ನಡುವೆ ಅವಳಿಗೊಂದು ಫೋನು ಬಂತು. ಗುಂಜಿಯ ಆಚೆಗಿನ ಹಳ್ಳಿಯೊಂದರ ಸೋಮಲಿಂಗ. ಅವನ ತಾಯಿ ಮಾಯಕ್ಕ ಊರ ಬಾಣಂತಿಯರಿಗೆಲ್ಲ ಎಣ್ಣೆ ಹಚ್ಚಿ ನೀರೆರೆದವಳು. ಆರು ವರ್ಷದ ಹಿಂದೆ ಚಪ್ಪಾಳೆಯವರನ್ನು ಸೇರಿ, ಮಲಪ್ರಭೆಯಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದಿದ್ದಳು.

"ಅವ್ವ ನಸಿಕಿನ್ಯಾಗ ತೀರ್ಕೊಂಡ್ಳ್ರಿ ಬಾಯಾರ. ಊರಾಗ ಮಣ್ಣ ಮಾಡಬ್ಯಾಡ ಅಂತ ಹಿರ್ಯಾರು ಅಡ್ಡ ನಿಂತಾರ. ನಮ್ಮ ಪ್ರಾರ್ಥನಾ ಮನಿಗೆ ಸ್ವಂತ ಜಾಗ ಇಲ್ಲ. ಖಾನಾಪುರದಾಗ ಎಲ್ಲ್ಯಾರ ಆರಡಿ ಕೊಡಸ್ರಿ. ಈ ಬಿಸಲಾಗ ಸಂಜಿ ದಾಟಿಸಾಕ ಆಗೂದಿಲ್ರಿ."

ಪ್ರಮಿಳಾಬಾಯಿ ಸಮಿತಿಗೆ ವಿಷಯ ತಿಳಿಸಿದಳು. ಮಾಯಕ್ಕನ ಹೆಸರು ತಮ್ಮ ರಿಜಿಸ್ಟರಿನಲ್ಲಿಲ್ಲ ಎಂದು ಜಪಮಾಲೆಯ ಫಾದರ್ ಬಹಳ ನೊಂದುಕೊಂಡರು. ಆತ್ಮ ಆಗಲೇ ಪರಲೋಕ ಮುಟ್ಟಿದೆ, ದೇಹ ಬರೀ ಮಣ್ಣು ಎಂದು ಚಪ್ಪಾಳೆಯ ಪಾಸ್ಟರು ಸಮಾಧಾನ ಹೇಳಿದರು. ಹೊಳೆಯಲ್ಲಿ ಮುಳುಗಿದ ದೀಕ್ಷಾಸ್ನಾನ ಊರ್ಜಿತವೋ ಅಲ್ಲವೋ ಎಂಬ ಚರ್ಚೆಗೆ ಅರ್ಧ ಗಂಟೆ ಹೋಯಿತು. ಕೊನೆಗೆ ಅಧ್ಯಕ್ಷರಾದ ಹಾಡಿನ ಪುಸ್ತಕದ ಸಾತಪ್ಪ ಅಯ್ಯನವರು ಗಂಟಲು ಸರಿಮಾಡಿಕೊಂಡರು.

"ಒಂದು ಉಪಸಮಿತಿ ಮಾಡೂಣು. ಮುಂದಿನ ತಿಂಗಳ ವರದಿ ಕೊಡ್ಲಿ."

ಎಲ್ಲರೂ ಕೈ ಎತ್ತಿದರು. ಮೂರು ಪಂಥದವರು ಒಟ್ಟಾದರೆ ಎಂಥ ಬಲ ಬರುತ್ತದೆ ನೋಡಿ!

ಪ್ರಮಿಳಾಬಾಯಿ ಪೆನ್ನು ಕೆಳಗಿಟ್ಟಳು. "ಅಲ್ಲೀತನಕಾ ಆಕಿ ಹೆಣಾ ಎಲ್ಲಿ ಇಡಬೇಕ್ರಿ? ಈ ಮೇಜಿನ ಮ್ಯಾಲ ಇಡೂಣೇನು?"



ಪ್ರಮಿಳಾಬಾಯಿಯ ಗಂಡ ಶಿವಲಿಂಗ ಮಾಸ್ತರರನ್ನು ಎಂಟು ವರ್ಷದ ಹಿಂದೆ ಮಣ್ಣು ಮಾಡಿದ್ದು ಹಾಡಿನ ಪುಸ್ತಕದವರ ಖಾನಾಪುರದ ಸ್ಮಶಾನದಲ್ಲಿ. ಅವರಲ್ಲಿ ಗಂಡ ಸತ್ತಾಗಲೇ ಪಕ್ಕದಲ್ಲಿ ಹೆಂಡತಿಗೂ ಜಾಗ ಹಿಡಿದು ಸುತ್ತ ಕಲ್ಲು ನೆಡುವ ವಾಡಿಕೆ. ಮಕ್ಕಳಿಲ್ಲದ ಪ್ರಮಿಳಾಬಾಯಿಗೆ ಇನ್ನು ಉಳಿದಿದ್ದ ಆಸೆ ಆ ಜಾಗವೊಂದೇ. ಸ್ಮಶಾನದ ನಿಯಮಗಳನ್ನು ಟೈಪು ಮಾಡಿದವಳೂ ಅವಳೇ. ಜಾಗ ಹಿಡಿದವರು ಬರೆದುಕೊಟ್ಟರೆ ಯಾವ ಸಭೆಯ ವಿಶ್ವಾಸಿಯನ್ನಾದರೂ ಅಲ್ಲಿ ಮಣ್ಣು ಮಾಡಬಹುದೆಂಬ ಒಂಬತ್ತನೇ ನಿಯಮವನ್ನು ಟೈಪು ಮಾಡಿದವಳ ಹೊರತು ಬೇರೆ ಯಾರೂ ಓದಿರಲಿಲ್ಲ.

ಠರಾವಿನ ಪುಸ್ತಕದಿಂದ ಹಾಳೆ ಹರಿದು ನಾಲ್ಕು ಸಾಲು ಬರೆದಳು. ಸ್ಮಶಾನದ ಉಸ್ತುವಾರಿಯೂ ಆಗಿದ್ದ ಸಾತಪ್ಪ ಅಯ್ಯನವರು ಅದನ್ನು ಎರಡೆರಡು ಸಲ ಓದಿದರು.

"ಪ್ರಮಿಳಾಬಾಯಿ, ವಿಚಾರ ಮಾಡ್ರಿ. ಮಾಸ್ತರ ಬಾಜೂಕ ನಿಮ್ಮ ಜಾಗ ಅದು. ನಾಳೆ ನೀವು ಎಲ್ಲಿ ಹೋಗ್ತೀರಿ?"

"ನನಗ ಇನ್ನೂ ಟೈಮ್ ಐತ್ರಿ ಅಯ್ಯನವರ. ಆಕಿಗೆ ಸಂಜೀತನಕಾ ಅಷ್ಟ ಐತಿ. ಸಹಿ ಮಾಡ್ರಿ."

ಐದು ಗಂಟೆಗೆ ಮಾಯಕ್ಕನನ್ನು ಮಣ್ಣು ಮಾಡಿದರು. ಸೋಮಲಿಂಗ ಪ್ರಮಿಳಾಬಾಯಿಯ ಕಾಲು ಹಿಡಿದುಕೊಂಡ. ಸಮಿತಿಯವರೂ ಕಾರು ಮಾಡಿಕೊಂಡು ಬಂದಿದ್ದರು. ಮೂರು ಪದ್ಧತಿಯ ಪ್ರಾರ್ಥನೆಯೂ ಆಯಿತು, ಐಕ್ಯದ ಸಾಕ್ಷಿಗೆಂದು ಗೋರಿಯ ಮುಂದೆ ಫೋಟೊ ತೆಗೆಸಿಕೊಂಡರು.

ಎಲ್ಲರೂ ಹೋದ ಮೇಲೆ ಪ್ರಮಿಳಾಬಾಯಿ ಗಂಡನ ಪಕ್ಕದಲ್ಲಿ ಕೂರಲು ಹೋದಳು. ಹಸಿ ಮಣ್ಣು ಕಂಡು ಹಿಂದೆ ಸರಿದಳು. ಆಗ ಅವಳಿಗೆ ದುಃಖ ಒತ್ತರಿಸಿ ಬಂತು.

"ಮಾಸ್ತರ, ನಿಮ್ಮನ್ನ ಒಂದು ಮಾತು ಕೇಳಲಿಲ್ಲ ನಾನು," ಎಂದಳು.