ಲ್ಯಾಬಿಗೆ ಬಂದ ಒಂದು ಹಿಡಿ ಬೂದಿ

ಗೆಳೆಯರೇ, ಕಬ್ಬಿಣದ ತಂತಿಯನ್ನೇ ಎಳೆದು ತುಂಡು ಮಾಡುವ ನಮ್ಮ ಕಾಲೇಜಿನ ಮೆಷಿನ್ನು ಇವತ್ತು ಕುರಿಯ ಕಾಲಿನ ನರಕ್ಕೆ ಸೋತಿತು. ಮಾಂಸವನ್ನು ಮೂಳೆಗೆ ಬಿಗಿದಿಡುವ ಈ ನರ ಎಷ್ಟು ಎಳೆದರೆ ಕಿತ್ತುಹೋಗುತ್ತದೆ ಎಂದು ಅಳೆಯಲು ವಿದ್ಯಾರ್ಥಿನಿಯೊಬ್ಬಳು ಹಾಸನದ ಮಟನ್ ಅಂಗಡಿಯಿಂದ ನಾಲ್ಕು ತಂದಿದ್ದಳು. ಮೂರು ಮೆಷಿನ್ನಿನ ಹಿಡಿಕೆಯಿಂದ ಜಾರಿ ಜಾರಿ ಹಾಳಾದವು. ನಾಳೆ ಅವಳ ಪ್ರಾಜೆಕ್ಟಿನ ಕೊನೆಯ ದಿನ. ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು.

ನೆಲ ಒರೆಸುತ್ತಿದ್ದ ಗೊರೂರು ಕಡೆಯ ಲಕ್ಕಮ್ಮ ತಲೆಯೆತ್ತಿದರು. "ಬೂದಿ ಮೆತ್ತಿ ಸಾ. ಮೀನು ಉಜ್ಜೋವಾಗ ಇನ್ನೆಂಗೆ ಇಡ್ಕತಾರೆ?"

"ಸುಮ್ನಿರಮ್ಮ, ಮೆಷಿನ್ ಹಾಳಾಯ್ತದೆ" ಎಂದು ರೇಗಿದೆ.

"ಆಯ್ತು, ನೀವೇ ಇಡ್ಕಳಿ ಮತ್ತೆ" ಎಂದು ಅವರು ಮತ್ತೆ ಒರೆಸತೊಡಗಿದರು.

ರೇಗಿದ ಮೇಲೆ ನೆನಪಾಯಿತು. ಕೊಣನೂರಿನ ನಮ್ಮ ಹಿತ್ತಲಲ್ಲಿ ಅವ್ವ ಹೊಳೆಮೀನು ಉಜ್ಜಲು ಕೂತರೆ, ಒಲೆಯಿಂದ ಬೂದಿ ತಂದುಕೊಡುವುದು ನನ್ನದೇ ಕೆಲಸವಾಗಿತ್ತು. ಆ ಬೂದಿಗೈಯಿಂದ ಒಂದು ಮೀನೂ ಜಾರಿದ್ದನ್ನು ನಾನು ಕಾಣೆ.

ಆದರೆ ಈಗ ಬೂದಿ ಎಲ್ಲಿ ಸಿಗುತ್ತದೆ? ಕ್ಯಾಂಟೀನಿನಲ್ಲೂ ಗ್ಯಾಸು. ಕೊನೆಗೆ ಕಾಲೇಜಿನ ಹಿಂದೆಯೇ ಇರುವ ಲಕ್ಕಮ್ಮನವರ ಮನೆಯ ಹಂಡೆ ಒಲೆಯಿಂದ ಒಂದು ಹಿಡಿ ಬಂತು. ಉಳಿದಿದ್ದ ಒಂದೇ ನರದ ಎರಡೂ ತುದಿಗೆ ಅವರೇ ಮೆತ್ತಿದರು. ಈ ಸಲ ಜಾರಲಿಲ್ಲ. ನಟ್ಟನಡುವೆ ಪಟ್ಟೆಂದು ಕಿತ್ತುಹೋಯಿತು, ಬೇಕಿದ್ದ ಅಳತೆ ಸಿಕ್ಕಿತು.

ಸಂಜೆ ಹುಡುಗಿಯ ವರದಿ ನೋಡಿದೆ. "ಹಿಡಿತಕ್ಕಾಗಿ ಸೂಕ್ಷ್ಮ ಖನಿಜ ಪುಡಿಯನ್ನು ಬಳಸಲಾಗಿದೆ" ಎಂದು ಬರೆದಿದ್ದಾಳೆ.

ನಮ್ಮವ್ವನ ಕಾಲದಲ್ಲಿ ಒಲೆಯ ಬೂದಿಗೆ ಇಷ್ಟು ಮರ್ಯಾದೆ ಯಾವತ್ತೂ ಸಿಕ್ಕಿರಲಿಲ್ಲ.